ಮಾಡ್ಯಾನ, ಮಾಡ್ಯಾನು

ಕೋವಿಡ್ ಮುಗಿದು ಕಾರ್ಖಾನೆಗಳು ಮತ್ತೆ ಮೂರು ಪಾಳಿಯಲ್ಲಿ ಓಡತೊಡಗಿದ್ದ ಕಾಲ. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ನಾನು ಕಾರ್ಮಿಕ ಕಲ್ಯಾಣಾಧಿಕಾರಿಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಲಾರಿ, ಬಸ್ಸುಗಳಿಗೆ ಬೇಕಾಗುವ ತಗಡಿನ ಬಿಡಿಭಾಗಗಳನ್ನು ಪ್ರೆಸ್ಸಿನಲ್ಲಿ ಒತ್ತಿ ತೆಗೆಯುವುದು ಅಲ್ಲಿನ ಕೆಲಸ. ಕಲ್ಯಾಣಾಧಿಕಾರಿ ಅಂದರೆ ಏನು ಎಂದು ಬಹಳ ಜನ ಕೇಳುತ್ತಾರೆ. ಕ್ಯಾಂಟೀನಿನ ಸಾರು ನೀರಾದರೂ, ಇಬ್ಬರು ಕೈ ಕೈ ಮಿಲಾಯಿಸಿದರೂ, ಯಾರಿಗಾದರೂ ಪೆಟ್ಟಾದರೂ ಎಲ್ಲರೂ ಮೊದಲು ಬಂದು ಬಾಗಿಲು ತಟ್ಟುವುದು ಅವರದ್ದೇ. ಕೆಲಸಗಾರರ ಹೇಳಿಕೆ ಬರೆದುಕೊಳ್ಳುವುದೂ ನನ್ನ ಪಾಲಿಗೇ ಬಂದಿತ್ತು.

ಈ ಬರೆದುಕೊಳ್ಳುವ ಕೆಲಸದಲ್ಲಿ ನನಗೆ ಜಂಬವಿತ್ತು. ಅಪ್ಪ ಸಾಲಿ ಮಾಸ್ತರರು, ಬೆಳೆದದ್ದು ಇದೇ ಧಾರವಾಡದ ಮಾಳಮಡ್ಡಿಯಲ್ಲಿ. ಧಾರವಾಡದವರ ಕನ್ನಡ ಬಹಳ ಚಂದ ಎಂದು ಹೊರಗಿನವರು ಹೊಗಳಿದರೆ, ಅದನ್ನು ನಾನೇ ಕೂತು ತಯಾರು ಮಾಡಿದಂತೆ ಬೀಗುತ್ತಿದ್ದೆ. ಆದರೆ ಬರೆಯಲು ಕೂತ ಕೂಡಲೇ ಆ ಚಂದದ ಕನ್ನಡವನ್ನು ಚಪ್ಪಲಿಯ ಹಾಗೆ ಹೊಸ್ತಿಲಾಚೆ ಬಿಟ್ಟು ಬರುತ್ತಿದ್ದೆ. ಕೆಲಸಗಾರ "ಹೋಗ್ಯಾನ" ಅಂದರೆ ನನ್ನ ಪೆನ್ನು "ಹೋಗಿದ್ದಾನೆ" ಎಂದು ಬರೆಯುತ್ತಿತ್ತು. "ನೋಡೇನಿ" ಅಂದರೆ "ನೋಡಿದ್ದೇನೆ." ಯೋಚನೆ ಮಾಡುವ ಅಗತ್ಯವೇ ಇರಲಿಲ್ಲ, ಕೈಗೆ ಅಷ್ಟು ರೂಢಿಯಾಗಿತ್ತು. ಬೆಂಗಳೂರಿನ ಹೆಡ್ ಆಫೀಸಿನವರು ನನ್ನ ಕಾಗದಗಳಲ್ಲಿ ಒಂದು ಕಾಗುಣಿತದ ತಪ್ಪೂ ಇರುವುದಿಲ್ಲ ಎನ್ನುತ್ತಿದ್ದರು.

ಅಂದಾಜಿನ ಮಾತುಗಳ ಬಗ್ಗೆಯಂತೂ ನಾನು ಬಹಳ ಕಟ್ಟುನಿಟ್ಟು. ಕಾರ್ಖಾನೆಯಲ್ಲಿ ಎಲ್ಲರೂ ದಿನವಿಡೀ ಅಂದಾಜು ಮಾಡುತ್ತಲೇ ಇರುತ್ತಾರೆ, ಹೆಸರು ಮಾತ್ರ ಬೇರೆ ಬೇರೆ. ಲೆಕ್ಕದ ವಿಭಾಗದವರು ಮಾಡಿದರೆ ಅದು ಅಂದಾಜು, ಅದಕ್ಕೊಂದು ಪಟ್ಟಿ, ಮೇಲೊಂದು ಸಹಿ. ಗೇಟಿನ ಕಾವಲುಗಾರ ಮಾಡಿದರೆ ಗುಮಾನಿ. ಹಳೆಯ ಫಿಟ್ಟರುಗಳದ್ದು ಅಜಮಾಸು: "ಅಜಮಾಸ ಎರಡ ಮೂರ ದಿನಾ ಹಿಡೀತೈತ್ರಿ." ಅದನ್ನೇ ಸಾಮಾನ್ಯ ಕೆಲಸಗಾರ ವಿಚಾರಣೆಯಲ್ಲಿ ಹೇಳಿದರೆ ನಾವು "ಇದು ಬರೀ ಊಹೆ" ಎಂದು ಬದಿಗೆ ಸರಿಸುತ್ತಿದ್ದೆವು. ಹೇಳಿಕೆ ಕೊಡಲು ಬಂದವರಿಗೆ ನನ್ನ ಮೊದಲ ಮಾತೇ, "ಅಂದಾಜಿನ ಮಾತು ಬ್ಯಾಡ್ರಿ, ಖರೇ ಕಂಡದ್ದು, ಖರೇ ಆಡಿದ್ದು ಅಷ್ಟ ಹೇಳ್ರಿ."

ಆ ವರ್ಷ ಬೇಸಿಗೆಯ ಒಂದು ಮಧ್ಯಾಹ್ನ ಪ್ರೆಸ್ ವಿಭಾಗದಲ್ಲಿ ಅಪಘಾತವಾಯಿತು. ಅಚ್ಚಿನೊಳಗೆ ತಗಡೊಂದು ಸಿಕ್ಕಿಕೊಂಡಿತ್ತು. ಹಾಗಾದಾಗ ಪಕ್ಕದ ಕೋಣೆಯ ಪ್ಯಾನೆಲ್‌ನಲ್ಲಿ ಆ ಯಂತ್ರದ ವಿದ್ಯುತ್ ತೆಗೆದು, ಸ್ವಿಚ್ಚಿಗೆ ಬೀಗ ಹಾಕಿ, ಕೀಲಿಯನ್ನು ಯಂತ್ರದ ಬಳಿ ಇರುವವನ ಕೈಗೆ ಕೊಡಬೇಕು. ಆಮೇಲೆಯೇ ಒಳಗೆ ಕೈ ಹಾಕಬೇಕು. ನಿಯಮ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿತ್ತು. ಬೀಗ ಮಾತ್ರ ಇರಲಿಲ್ಲ. ಹಳೆಯವು ಕೆಟ್ಟಿದ್ದವು, ಹೊಸವು ಖರೀದಿ ವಿಭಾಗದಲ್ಲಿ ಮಂಜೂರಾತಿಗೆ ಕಾಯುತ್ತಿದ್ದವು. ಹೀಗಾಗಿ ಎಲ್ಲವೂ ಬಾಯಿಮಾತಿನಲ್ಲೇ ನಡೆಯುತ್ತಿತ್ತು.

ಆ ಹೊತ್ತಿನಲ್ಲಿ ಅಲ್ಲಿದ್ದವರು ಮೂವರು. ಪ್ರೆಸ್ ನಡೆಸುವ ಮಂಜುನಾಥ, ಉಪ್ಪಿನಬೆಟಗೇರಿಯ ಹುಡುಗ, ಮದುವೆಯಾಗಿ ವರ್ಷವಾಗಿತ್ತು. ಎಲೆಕ್ಟ್ರಿಷಿಯನ್ ವಿಲಾಸ. ಮತ್ತು ಯಂತ್ರಗಳ ರಿಪೇರಿ ನೋಡುವ ಫಿಟ್ಟರ್ ದಾದಾಪೀರ್, ಹಳೇ ಹುಬ್ಬಳ್ಳಿಯವರು, ಐವತ್ತು ದಾಟಿದವರು. ದಾದಾಪೀರರು ವಿಲಾಸನಿಗೆ ಕರೆಂಟ್ ತೆಗೆಯಲು ಹೇಳಿದರು. ವಿಲಾಸ ಹೊರಟ. ದಾರಿಯಲ್ಲಿ ಯಾರೋ ಮೇಲಿನವರು ಅವನನ್ನು ಇನ್ನೊಂದು ಕೆಲಸಕ್ಕೆ ಕರೆದರು, ಅವನು ಅತ್ತ ಹೋದ. ಇತ್ತ ಮಂಜುನಾಥ ತಗಡಿಗೆ ಕೈ ಹಾಕಿ ಎಳೆದ. ತಗಡು ಸಡಿಲಾಯಿತು, ಪ್ರೆಸ್ ಇಳಿಯಿತು. ಬಲಗೈಯ ಎರಡು ಬೆರಳು ಹೋದವು.

ಅವನನ್ನು ಆಸ್ಪತ್ರೆಗೆ ಕಳಿಸಿ, ಸಂಜೆ ದಾದಾಪೀರರನ್ನು ನನ್ನ ಕೋಣೆಗೆ ಕರೆಸಿದೆ. ಕಾರ್ಖಾನೆಗಳ ಇಲಾಖೆಗೆ ವರದಿ ಹೋಗಬೇಕಿತ್ತು, ಪ್ಲಾಂಟ್ ಮ್ಯಾನೇಜರ್ ಎರಡು ಸಲ ಫೋನ್ ಮಾಡಿದ್ದರು. ದಾದಾಪೀರರ ಅಂಗಿಯ ತೋಳಿಗೆ ಇನ್ನೂ ರಕ್ತ ಅಂಟಿತ್ತು. ನನ್ನ ಎಂದಿನ ಮಾತು ಹೇಳಿದೆ: ಖರೇ ಆಡಿದ್ದಷ್ಟೇ ಹೇಳ್ರಿ.

ಅವರು ಹೇಳಿದ್ದು ಹೀಗೆ: "ನಾ ಬಗ್ಗಿ ನಟ್ ಬಿಚ್ಚೂ ಪಾನಾ ಹುಡುಕಾಕತ್ತಿದ್ನಿ ಅಕ್ಕಾರ. ಕಾಕಾ, ಕರೆಂಟ್ ಬಂದ್ ಆತೇನು ಅಂತ ಮಂಜುನಾಥ ಕೇಳಿದ. ವಿಲಾಸ ಪ್ಯಾನೆಲ್ ಕಡೆ ಹೋಗ್ಯಾನ, ಬಂದ್ ಮಾಡ್ಯಾನು ಅಂದೆ. ಪಾನಾ ತಗೊಂಡು ಏಳೂದ್ರಾಗ ಆಗಿ ಹೋಗಿತ್ತು."

ನಾನು ಬರೆದದ್ದು ಹೀಗೆ: "'ವಿಲಾಸ್ ಪ್ಯಾನೆಲ್ ಕಡೆಗೆ ಹೋಗಿದ್ದಾನೆ, ವಿದ್ಯುತ್ತನ್ನು ಬಂದ್ ಮಾಡಿದ್ದಾನೆ' ಎಂದು ನಾನು ಮಂಜುನಾಥನಿಗೆ ತಿಳಿಸಿದೆನು."

ಬರೆದದ್ದನ್ನು ಓದಿ ಹೇಳಿದೆ. ಅವರು ತಲೆಯಾಡಿಸಿ ಸಹಿ ಹಾಕಿದರು. ಶಾಲೆಯಲ್ಲಿ ಉರ್ದು ಕಲಿತವರು, ಆದರೂ ಕನ್ನಡದಲ್ಲಿ ದುಂಡಗೆ ಸಹಿ ಮಾಡುತ್ತಿದ್ದರು.

ಒಂದು ವಾರದಲ್ಲಿ ಆರೋಪಪಟ್ಟಿ ತಯಾರಾಯಿತು. ಕರೆಂಟ್ ಹೋಗಿದೆಯೋ ಇಲ್ಲವೋ ನೋಡದೆ, ಹೋಗಿದೆ ಎಂದು ಖಚಿತವಾಗಿ ಸುಳ್ಳು ಭರವಸೆ ಕೊಟ್ಟು ಸಹಕೆಲಸಗಾರನ ಅಂಗವೈಕಲ್ಯಕ್ಕೆ ಕಾರಣರಾದರು ಎಂಬುದು ಆರೋಪ. ದಾದಾಪೀರರನ್ನು ಅಮಾನತಿನಲ್ಲಿಟ್ಟರು. ಸಾಬೀತಾದರೆ ವಜಾ. ಆ ವಯಸ್ಸಿನಲ್ಲಿ, ಒಬ್ಬನ ಬೆರಳು ಕಳೆದವನೆಂಬ ಹೆಸರು ಹೊತ್ತುಕೊಂಡು ಹೋದರೆ ಲಕಮನಹಳ್ಳಿಯಲ್ಲಾಗಲಿ ಬೇಲೂರಿನಲ್ಲಾಗಲಿ ಯಾವ ಕಾರ್ಖಾನೆಯ ಗೇಟೂ ಅವರಿಗೆ ತೆರೆಯುತ್ತಿರಲಿಲ್ಲ. ಇತ್ತ ಕಂಪನಿಗೆ ನನ್ನ ಹೇಳಿಕೆ ಬಹಳ ಅನುಕೂಲವಾಗಿತ್ತು. ಬೀಗ ಯಾಕಿರಲಿಲ್ಲ ಎಂದು ಯಾರೂ ಕೇಳಬೇಕಾದ್ದೇ ಇರಲಿಲ್ಲ. ನನಗೂ ಅದರಲ್ಲಿ ಅನ್ಯಾಯವೇನೂ ಕಾಣಲಿಲ್ಲ, ಯಾಕೆಂದರೆ ಹೇಳಿದವರು ಅವರೇ, ಬರೆದವಳಷ್ಟೇ ನಾನು.

ವಿಚಾರಣಾಧಿಕಾರಿಯಾಗಿ ಬಂದವರು ಮೈಸೂರು ಕಡೆಯ ನಿವೃತ್ತ ನ್ಯಾಯಾಧೀಶರು. ಮಿತಭಾಷಿ, ನಿಷ್ಪಕ್ಷಪಾತಿ ಎಂದು ಹೆಸರಿದ್ದವರು. ದಾದಾಪೀರರಿಗೆ ಸಹಾಯಕ್ಕೆ ಯಾರನ್ನಾದರೂ ಕರೆದುಕೊಳ್ಳಬಹುದು ಎಂದರು. ದಾದಾಪೀರರು ಬೇಡವೆಂದರು. "ನಾ ಏನ್ ಕಳವು ಮಾಡೇನೇನ್ರಿ? ನಡದದ್ದು ಹೇಳ್ತೇನಿ, ಅಷ್ಟ."

ಮೊದಲ ಸಾಕ್ಷಿ ನಾನೇ. ಹೇಳಿಕೆಯನ್ನು ತೋರಿಸಿ, ಇದು ಅವರು ಹೇಳಿದಂತೆಯೇ ಇದೆಯೇ ಎಂದು ಅಧಿಕಾರಿ ಕೇಳಿದರು. ಹೌದು, ಹೇಳಿದಂತೆಯೇ ಇದೆ ಎಂದೆ. ಟೈಪಿಸ್ಟ್ ಅದನ್ನು ದಾಖಲಿಸಿದ. ಆಮೇಲೆ ದಾದಾಪೀರರನ್ನು ಎದುರಿಗೆ ಕೂರಿಸಿದರು.

"ವಿಲಾಸ್ ಬಂದ್ ಮಾಡಿದ್ದಾನೆ ಅಂತ ನೀವು ಮಂಜುನಾಥ್‌ಗೆ ಹೇಳಿದ್ದು ನಿಜ ತಾನೇ?"

"ಹೌದ್ರಿ ಸಾಹೇಬ್ರ. ಬಂದ್ ಮಾಡ್ಯಾನು ಅಂತ ಅಂದೇನಿ."

"ಸಹಿ ನಿಮ್ಮದೇ? ಓದಿ ಹೇಳಿದರೇ?"

"ನಂದ ರಿ. ಅಕ್ಕಾರ ಛಲೋತಂಗ ಓದಿ ಹೇಳ್ಯಾರ."

"ಆ ಮಾತನ್ನು ಈಗಲೂ ಒಪ್ಪುತ್ತೀರಾ?"

"ಆಡಿದ್ದಕ್ಕ ಇಲ್ಲ ಅನ್ನಲೇನ್ರಿ? ಮಾಡ್ಯಾನು ಅಂದದ್ದು ಖರೇ."

ಅಧಿಕಾರಿ ಟೈಪಿಸ್ಟನತ್ತ ತಿರುಗಿ ನಿಧಾನವಾಗಿ ಹೇಳಿಸಿದರು: "ವಿದ್ಯುತ್ ಬಂದ್ ಮಾಡಲಾಗಿದೆ ಎಂದು ತಿಳಿಸಿದ್ದನ್ನು ಆಪಾದಿತರು ಒಪ್ಪಿಕೊಂಡಿದ್ದಾರೆ."

ಆಗ ನನ್ನ ಕಿವಿಗೆ ಬಿತ್ತು. ಮಾಡ್ಯಾನು. ಕೊನೆಯಲ್ಲಿ ಒಂದು ಉಕಾರ.

ಬೇರೆ ಕಡೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮ ಮಾತಿನಲ್ಲಿ "ಬಂದಾನ" ಅಂದರೆ ಬಂದಿದ್ದಾನೆ, ಒಳಗೆ ಕೂತಿದ್ದಾನೆ, ಚಹಾ ಕೊಡಬಹುದು. "ಬಂದಾನು" ಅಂದರೆ ಇನ್ನೂ ಬಂದಿಲ್ಲ, ಬಂದರೂ ಬರಬಹುದು, ಚಹಾಕ್ಕೆ ಈಗಲೇ ಇಡಬೇಡ. ಮಾಡ್ಯಾನ ಅಂದರೆ ಮಾಡಿ ಮುಗಿಸಿದ್ದಾನೆ. ಮಾಡ್ಯಾನು ಅಂದರೆ ಮಾಡಬಹುದು, ಖಾತ್ರಿಯಿಲ್ಲ. ಅಂದಾಜು, ಊಹೆ ಎಂಬ ಯಾವ ಪದದ ಸಹಾಯವೂ ಇಲ್ಲದೆ, ಕ್ರಿಯಾಪದದ ತುದಿಯಲ್ಲಿ ತುಟಿ ಸ್ವಲ್ಪ ಮುಂದೆ ಮಾಡಿದರೆ ಸಾಕು, ಆದ ಕೆಲಸ ಆಗಬಹುದಾದ ಕೆಲಸವಾಗುತ್ತದೆ. ಹಾಲು ಕುಡಿಯುವ ಕೂಸಿನಿಂದ ಮುದುಕರವರೆಗೆ ಇಲ್ಲಿ ಯಾರೂ ಇದರಲ್ಲಿ ತಪ್ಪುವುದಿಲ್ಲ. ತಪ್ಪಿದವಳು ಶುದ್ಧ ಕನ್ನಡ ಬರೆಯುವ ನಾನು. "ಹೋಗ್ಯಾನ" ಎಂಬುದನ್ನು "ಹೋಗಿದ್ದಾನೆ" ಮಾಡಿದ ರಭಸದಲ್ಲೇ ಮುಂದಿನ "ಮಾಡ್ಯಾನು"ವನ್ನೂ ಎಳೆದು "ಮಾಡಿದ್ದಾನೆ" ಮಾಡಿಬಿಟ್ಟಿದ್ದೆ. ಅಂದಾಜಿನ ಮಾತು ಬೇಡವೆಂದು ಎಲ್ಲರಿಗೂ ಉಪದೇಶಿಸುತ್ತಿದ್ದವಳು ಒಬ್ಬರ ಅಂದಾಜಿನ ಮಾತನ್ನು ಕಿವಿಯಲ್ಲಿ ಕೇಳಿಯೂ ಕೈಯಲ್ಲಿ ಖಾತ್ರಿಯ ಮಾತು ಮಾಡಿದ್ದೆ.

ಅಲ್ಲೇ ಎದ್ದು ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದಂತೆಯೇ ಇದೆ ಎಂದು ಈಗಷ್ಟೇ ದಾಖಲಿಸಿದ ಮಾತನ್ನು ಹೇಗೆ ನುಂಗಿಕೊಳ್ಳಲಿ, ಮ್ಯಾನೇಜರ್ ಏನೆಂದಾರು, ಇಷ್ಟು ವರ್ಷ ಬರೆದ ಹೇಳಿಕೆಗಳ ಗತಿಯೇನು, ಇವೇ ತಲೆಯಲ್ಲಿ ಓಡಿದವು. ದಾದಾಪೀರರ ಅನ್ನದ ವಿಚಾರ ಆಮೇಲೆ ಬಂತು. ಆ ಸರದಿ ನೆನೆದರೆ ಇಂದಿಗೂ ಮುಖ ಬಿಸಿಯಾಗುತ್ತದೆ.

ಚಹಾಕ್ಕೆ ಎದ್ದೆವು. ಕಂಪನಿಯ ಪರವಾಗಿ ಒಳಗೆ ಕೂತಿದ್ದ ಪ್ಲಾಂಟ್ ಮ್ಯಾನೇಜರ್ ಕಪ್ಪು ಹಿಡಿದು ನನ್ನ ಹತ್ತಿರ ಬಂದು ಮೆಲ್ಲಗೆ, "ಒಪ್ಪಿಕೊಂಡುಬಿಟ್ಟರಲ್ಲ ಮೇಡಂ, ನಮ್ಮ ಕೆಲಸ ಹಗುರಾಯ್ತು. ಇನ್ನು ಬೀಗದ ಮಾತು ಬರೋದಿಲ್ಲ," ಎಂದರು. ನಾನು ತಲೆಯಾಡಿಸಿದೆ. ಯಾಕೆ ಆಡಿಸಿದೆನೋ ತಿಳಿಯದು, ಆದರೆ ಆಡಿಸಿದ್ದು ಹೌದು.

ವರಾಂಡದಲ್ಲಿ ದಾದಾಪೀರರು ಒಬ್ಬರೇ ಕಂಬಕ್ಕೆ ಆತು ನಿಂತಿದ್ದರು. ನನ್ನನ್ನು ಕಂಡು ಹತ್ತಿರ ಬಂದರು. "ಅಕ್ಕಾರ, ಸರಿ ಹೇಳಿದ್ನಲ್ರಿ? ಏನೂ ಮುಚ್ಚಿಲ್ಲ ನಾ."

"ದಾದಾಪೀರ, ಅವತ್ತ ನಾ ಓದಿದಾಗ ಬಂದ್ ಮಾಡಿದ್ದಾನೆ ಅಂತ ಇತ್ತಲ್ರಿ. ನೀವು ಹಂಗ ಅಂದಿದ್ದಿಲ್ಲ. ಯಾಕ ಸುಮ್ಮನಾದ್ರಿ?"

ಅವರು ಸ್ವಲ್ಪ ನಾಚಿಕೊಂಡು ನಕ್ಕರು. "ಬರಿಯೂ ಕನ್ನಡ ಹಂಗ ಇರತೈತಿ ಅಂತ ತಿಳಕೊಂಡೆ. ನಮ್ಮ ಮಾತು ನೀವ್ ಬರದ್ರ ಛಂದ ಆಗತೈತಲ್ರಿ."

ಅವರಿಗೆ ಇನ್ನೂ ಗೊತ್ತಾಗಿರಲಿಲ್ಲ. ತಾವು ಒಳಗೆ ಒಪ್ಪಿಕೊಂಡದ್ದು ಏನೆಂಬುದೇ ಗೊತ್ತಿರಲಿಲ್ಲ. ನನ್ನ ಮೇಲೆ ಬೇಸರವೂ ಇರಲಿಲ್ಲ, ಅನುಮಾನವೂ ಇರಲಿಲ್ಲ. ಬೈದಿದ್ದರೆ ಸಹಿಸಬಹುದಿತ್ತು. ಈ ಹೊಗಳಿಕೆಯನ್ನು ಸಹಿಸಲಾಗಲಿಲ್ಲ. ಕಪ್ಪನ್ನು ಅಲ್ಲೇ ಕಿಟಕಿಯ ಕಟ್ಟೆಯ ಮೇಲಿಟ್ಟು ಒಳಗೆ ಹೋದೆ.

ಎಲ್ಲರೂ ಕೂತ ಮೇಲೆ, ನನ್ನ ಸಾಕ್ಷ್ಯವನ್ನು ತಿದ್ದಬೇಕು ಎಂದು ಕೇಳಿಕೊಂಡೆ. ಮಾಡ್ಯಾನ, ಮಾಡ್ಯಾನು ಎರಡನ್ನೂ ವಿವರಿಸಿದೆ. ಮ್ಯಾನೇಜರ್ ಕಾಗದದಿಂದ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದರು. ಅಧಿಕಾರಿ ಕನ್ನಡಕ ತೆಗೆದು, "ಎರಡೂ ಒಂದೇ ಥರ ಕೇಳಿಸುತ್ತಲ್ಲಮ್ಮ. ಇದು ಆಪಾದಿತರನ್ನು ಉಳಿಸೋದಕ್ಕೆ ಈಗ ಹುಟ್ಟಿದ ವ್ಯಾಕರಣವೇ?" ಎಂದರು.

ಅಲ್ಲ ಎಂದು "ಬಂದಾನ, ಬಂದಾನು" ಉದಾಹರಣೆ ಕೊಟ್ಟೆ. ಅವರು ಇದ್ದಕ್ಕಿದ್ದಂತೆ, "ಹಾಗಾದರೆ ಬೆಳಿಗ್ಗೆ ಗೆಸ್ಟ್ ಹೌಸಿನಲ್ಲಿ..." ಎಂದು ನಿಲ್ಲಿಸಿದರು. ಡ್ರೈವರ್ ಬಂದನೇ ಎಂದು ಕಾವಲುಗಾರನನ್ನು ಕೇಳಿದ್ದರಂತೆ. ಅವನು "ಬಂದಾನ್ರಿ" ಅಂದನಂತೆ. ಬರಬಹುದು ಅಂದುಕೊಂಡು ಇವರು ಪೇಪರ್ ಓದುತ್ತ ಕೂತರು. ಡ್ರೈವರ್ ಅಷ್ಟೂ ಹೊತ್ತು ಗೇಟಿನಲ್ಲೇ ನಿಂತಿದ್ದ. "ನನಗೆ ಡ್ರೈವರ್ ಮೇಲೆ ಸಿಟ್ಟು ಬಂದಿತ್ತು," ಎಂದು ನಕ್ಕರು. ಕೋಣೆಯಲ್ಲಿ ಉಳಿದವರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ, ಯಾಕೆಂದರೆ ಮುಂದಿನ ಪ್ರಶ್ನೆ ಏನೆಂದು ಗೊತ್ತಿತ್ತು.

"ತಪ್ಪಾಗಿದೆ ಅಂತ ನಿಮಗೆ ತಿಳಿದದ್ದು ಯಾವಾಗ?"

ಈಗಷ್ಟೇ, ವರಾಂಡದಲ್ಲಿ ಎನ್ನಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾಲಿಗೆಯ ತುದಿಗೆ ಬಂದೂ ಇತ್ತು.

"ಅವರು ಉತ್ತರ ಕೊಟ್ಟಾಗಲೇ ಸರ್. ಚಹಾಕ್ಕೆ ಮೊದಲೇ."

ಅಧಿಕಾರಿಯ ನಗು ಮಾಯವಾಯಿತು. "ಹಾಗೇ ಬರೆದುಕೊಳ್ಳಿ," ಎಂದು ಟೈಪಿಸ್ಟನಿಗೆ ಹೇಳಿಸಿದರು: "ದಾಖಲೆಯಲ್ಲಿ ತಪ್ಪಾಗುತ್ತಿರುವುದು ವಿರಾಮಕ್ಕೆ ಮೊದಲೇ ಸಾಕ್ಷಿಗೆ ತಿಳಿದಿತ್ತು. ಸಾಕ್ಷಿ ಆಗ ಸುಮ್ಮನಿದ್ದರು." ದಾದಾಪೀರರು ಅಷ್ಟು ಹೊತ್ತು ನಮ್ಮಿಬ್ಬರ ಮುಖವನ್ನು ಬದಲಿಸಿ ಬದಲಿಸಿ ನೋಡುತ್ತಿದ್ದವರು, ಈಗ ನನ್ನನ್ನೇ ನೋಡಿದರು. ಸಿಟ್ಟಿನ ನೋಟವಲ್ಲ. ಯಾವುದೋ ಲೆಕ್ಕ ಮತ್ತೆ ಮಾಡಿ ನೋಡುವವರ ನೋಟ. ವರಾಂಡದಲ್ಲಿ ತಾವು "ಸರಿ ಹೇಳಿದ್ನಲ್ರಿ" ಎಂದು ಕೇಳಿದಾಗ ನನಗೆ ಎಲ್ಲವೂ ಗೊತ್ತಿತ್ತು ಎಂಬುದು ಅವರಿಗೆ ಆಗ ತಿಳಿಯಿತು. ನಾನು ತಲೆ ತಗ್ಗಿಸಿದೆ.

ಮರುದಿನ ಮಂಜುನಾಥನ ಸಾಕ್ಷ್ಯವಾಯಿತು. ಕೈಗೆ ಇನ್ನೂ ಪಟ್ಟಿ ಇತ್ತು. "ನನಗ ಮಾಡ್ಯಾನ ಅಂತ ಕೇಳ್ಸಿತ್ರಿ. ಬಾಜೂಕ ಕಂಪ್ರೆಸರ್ ಹತ್ತಿತ್ತು. ಕಾಕಾ ಏನಂದ್ರೋ ಖರೇ ಹೇಳಾಕ ಆಗೂದಿಲ್ಲ. ಕೀಲಿ ಕೈಯಾಗ ಇದ್ದಿದ್ರ ಕೇಳೂದ ಬರತಿರಲಿಲ್ಲ ಬಿಡ್ರಿ," ಎಂದ. ಅವನು ಯಾರ ಮೇಲೂ ತಪ್ಪು ಹೊರಿಸಲಿಲ್ಲ. ಅಂಥ ಸದ್ದಿನಲ್ಲಿ ಒಂದು ಉಕಾರವನ್ನು ನಂಬಿ ಒಬ್ಬನ ಕೈಯನ್ನು ಯಂತ್ರದೊಳಗೆ ಬಿಟ್ಟಿದ್ದೆವಲ್ಲ ಎಂದು ಎಲ್ಲರಿಗೂ ಅರ್ಥವಾಗಿರಬೇಕು.

ವಿಚಾರಣೆಯ ವರದಿಯಲ್ಲಿ ಆರೋಪ ಸಾಬೀತಾಗಿಲ್ಲ ಎಂದಿತ್ತು. ಬೀಗವಿಲ್ಲದೆ ಬಾಯಿಮಾತಿನ ಮೇಲೆ ಕೆಲಸ ನಡೆಸಿದ್ದು ಆಡಳಿತದ ಲೋಪ ಎಂದೂ ಇತ್ತು. ದಾದಾಪೀರರು ಕೆಲಸಕ್ಕೆ ಮರಳಿದರು. ಬೀಗಗಳೂ ಬಂದವು, ಕೆಂಪು ಬಣ್ಣದವು. ಮಂಜುನಾಥನಿಗೆ ಸ್ಟೋರ್‌ನಲ್ಲಿ ಕೆಲಸ ಕೊಟ್ಟರು, ಅವನು ಎಡಗೈಯಲ್ಲಿ ಬರೆಯಲು ಕಲಿತ. ನನಗೆ ಹೆಡ್ ಆಫೀಸಿನಿಂದ ಎಚ್ಚರಿಕೆಯ ಪತ್ರ ಬಂತು. ಅದು ನ್ಯಾಯವಾಗಿಯೇ ಇತ್ತು.

ದಾದಾಪೀರರ ಬಳಿ ಹೋಗಿ ಕ್ಷಮೆ ಕೇಳಿದೆ. "ಅಯ್ಯ, ನೀವೇನ್ ಬೇಕಂತ ಮಾಡೀರೇನ್ರಿ ಅಕ್ಕಾರ?" ಎಂದರು. ಬರೆದದ್ದು ಬೇಕಂತ ಮಾಡಿದ್ದಲ್ಲ. ಸುಮ್ಮನಿದ್ದದ್ದು ಬೇಕಂತಲೇ. ಅದನ್ನು ಅವರೂ ಎತ್ತಲಿಲ್ಲ, ನನಗೂ ಬಿಡಿಸಿ ಹೇಳಲು ಧೈರ್ಯವಾಗಲಿಲ್ಲ.

ಉಳಿದ ಎರಡು ವರ್ಷ ನಾನು ಯಾರ ಹೇಳಿಕೆಯನ್ನೂ ತಿದ್ದಲಿಲ್ಲ. ಆಡಿದವರ ಮಾತನ್ನು ಆಡಿದ ಹಾಗೆಯೇ, ಬಾಲದ ಸಮೇತ ಬರೆದುಕೊಂಡೆ. ಅಂದಾಜಿನ ಮಾತು ಬೇಡ ಎನ್ನುವುದನ್ನೂ ಬಿಟ್ಟೆ. ಮನುಷ್ಯ ದಿನಕ್ಕೆ ನೂರು ಸಲ ಅಂದಾಜು ಮಾಡಿಯೇ ಬದುಕುತ್ತಾನೆ. ತಾನು ಹೇಳುತ್ತಿರುವುದು ಅಂದಾಜು ಎಂದು ಅವನು ಮಾತಿನಲ್ಲೇ ಪ್ರಾಮಾಣಿಕವಾಗಿ ತಿಳಿಸಿರುತ್ತಾನೆ. ಅದನ್ನು ಉಳಿಸಿಕೊಳ್ಳುವುದು ಕೇಳುವವರ ಕೆಲಸ, ಬರೆಯುವವರ ಕೆಲಸ. ಹೊಸದಾಗಿ ಕೆಲಸಕ್ಕೆ ಸೇರಿದ ಅಧಿಕಾರಿಗಳಿಗೆ ನಾನು ಹೇಳಿಕೊಟ್ಟದ್ದು ಇದೊಂದೇ. ಕೇಳಿದ ಕೂಡಲೇ ಬಾಯಿ ತೆರೆಯಿರಿ, ಚಹಾ ಆಮೇಲೆ ಕುಡಿಯಿರಿ ಎಂದೂ ಸೇರಿಸುತ್ತಿದ್ದೆ. ಅವರು ತಮಾಷೆ ಎಂದುಕೊಂಡು ನಗುತ್ತಿದ್ದರು.

ದಾದಾಪೀರರು ಮೊದಲಿನ ಹಾಗೆಯೇ ಎದುರಾದರೆ ನಮಸ್ಕಾರ ಮಾಡುತ್ತಿದ್ದರು, ಮನೆಯವರ ಆರೋಗ್ಯ ವಿಚಾರಿಸುತ್ತಿದ್ದರು. ನಿವೃತ್ತಿಯ ಹಿಂದಿನ ಮುಂಗಾರಿನಲ್ಲಿ ಒಂದು ಸಂಜೆ ನಾನು ಸ್ಕೂಟರ್ ತೆಗೆಯುತ್ತಿದ್ದೆ, ಪಕ್ಕದಲ್ಲೇ ಅವರ ಬೈಕು. ಮುಗಿಲು ಕಪ್ಪಾಗಿತ್ತು. ಮನೆ ಮುಟ್ಟುವವರೆಗೆ ತಡೆದೀತೋ ಇಲ್ಲವೋ ಎಂದು ನನಗೆ ಗೊತ್ತಾಗಲಿಲ್ಲ.

"ದಾದಾಪೀರ, ಮಳಿ ಬಂದೀತೇನ್ರಿ?" ಎಂದು ಕೇಳಿದೆ.

ಅವರು ಮೇಲೆ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ನನಗ ಗೊತ್ತಿಲ್ರಿ ಅಕ್ಕಾರ," ಎಂದರು. "ಬಂದೀತು" ಎಂದೂ ಅನ್ನದೆ, ಬೈಕಿನ ಚೀಲದಿಂದ ರೇನ್‌ಕೋಟ್ ತೆಗೆದು ತೊಟ್ಟು, ಗುಂಡಿಗಳನ್ನೆಲ್ಲ ಹಾಕಿಕೊಂಡು ಹೊರಟು ಹೋದರು.